ರಷ್ಯಾ ದೊರೆಯ ಹೆಣ್ಣು ನೋಡೋ ಶಾಸ್ತ್ರ

ಇಂಥವು ನನಗೇ ಯಾಕೆ ಆಗುತ್ತವೆ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ನನ್ನ ಹೆಂಡತಿ ಒಂದೇ ಮಾತಲ್ಲಿ ಬಗೆಹರಿಸಿಬಿಟ್ಟಳು. "ಯಾರು ಏನು ಕೇಳಿದ್ರೂ 'ಅದಕ್ಕೇನಂತೆ, ಮಾಡೋಣ' ಅಂತೀರಲ್ಲ, ಅದಕ್ಕೆ."

ನನ್ನ ಕೆಲಸ ಹಾಲ್, ಲೈಬ್ರರಿ, ಸ್ಕೂಲುಗಳಿಗೆ ಪ್ರೊಜೆಕ್ಟರು, ಸ್ಪೀಕರು ಕೂರಿಸೋದು. ಮೈಸೂರಲ್ಲಿ ಎಂಜಿನಿಯರಿಂಗ್ ಓದಿ, ಪರ್ತ್‌ಗೆ ಬಂದು, ಈಗ ತಿಂಗಳಿಗೊಂದು ಸಲ ಬ್ರಿಸ್ಬೇನ್‌ಗೋ ಅಡಿಲೇಡ್‌ಗೋ ಏಣಿ ಹತ್ತೋಕೆ ಹೋಗ್ತೀನಿ. ಏಣಿ ಮೇಲಿಂದ ಇವತ್ತಿನವರೆಗೂ ಬಿದ್ದಿಲ್ಲ. ಬಿದ್ದಿದ್ದೆಲ್ಲ ನೆಲದ ಮೇಲೆ ನಿಂತು ಮಾತು ಕೊಟ್ಟಾಗಲೇ.

೧. ನಾನು ಯಾರು ಅಂತ ಹೇಳಲ್ಲ

ಪರ್ತ್‌ನ ಹೊರವಲಯದ ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಮನೆ ಹತ್ತಿರದ ಹಾಲ್‌ನಲ್ಲಿ ನನ್ನ ಮಗಳು ಬ್ಯಾಲೆ ಕಲಿಯುತ್ತಾಳೆ. ಭರತನಾಟ್ಯ ಕಲಿ ಅಂತ ನಾವು ಹೇಳಿದ್ದೆವು. ಹನ್ನೆರಡು ವರ್ಷದವರ ಹತ್ತಿರ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಟೀಚರ್ ರಷ್ಯಾದವರು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಅವರು ಬಾಗಿಲಿಗೆ ಬಂದು ನಿಂತರೆ ಸಾಕು, ಹೊರಗೆ ಕಾಯುವ ಅಪ್ಪಂದಿರೆಲ್ಲ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೇವೆ.

ಒಂದು ದಿನ ಕ್ಲಾಸ್ ಮುಗಿದ ಮೇಲೆ ಅವರು ನನ್ನ ಕೈಗೆ ಒಂದು ಡಿವಿಡಿ ಕೊಟ್ಟರು. ಅವರು ಹುಡುಗಿಯಾಗಿದ್ದಾಗ ಕುಣಿದ ಬ್ಯಾಲೆಯನ್ನು ಸಿನಿಮಾ ಮಾಡಿದ್ದರಂತೆ. ರಷ್ಯಾದ ಹಳೇ ದೊರೆಯೊಬ್ಬನ ಕಥೆ. 'ಭಯಂಕರ' ಅಂತಲೇ ಜನ ಅವನಿಗೆ ಹೆಸರಿಟ್ಟಿದ್ದರಂತೆ. ಅವನು ಪಟ್ಟಕ್ಕೆ ಬರೋದು, ಮದುವೆ ಆಗೋದು, ಯುದ್ಧಕ್ಕೆ ಹೋಗೋದು, ಹೆಂಡತಿಗೆ ಯಾರೋ ವಿಷ ಹಾಕೋದು, ಇವನ ತಲೆ ಕೆಡೋದು. ಎರಡು ಗಂಟೆ, ಒಂದೂ ಮಾತಿಲ್ಲ, ಎಲ್ಲ ಕುಣಿತದಲ್ಲೇ. ಅದರಲ್ಲಿ ದೊರೆ ಹೆಂಡತಿಯನ್ನು ಆರಿಸುವ ದೃಶ್ಯ ಒಂದಿದೆ. ಏಳು ಹುಡುಗಿಯರು ಸಾಲಾಗಿ ನಿಂತಿರುತ್ತಾರೆ, ಎಲ್ಲರಿಗೂ ಒಂದೇ ಥರ ಬಿಳಿ ಬಟ್ಟೆ, ಒಂದೇ ಥರ ಕಿರೀಟ. ದೊರೆ ಒಬ್ಬಳ ಕೈ ಹಿಡಿಯುತ್ತಾನೆ. ಮಿಕ್ಕ ಆರು ಜನ ಹಿಂದೆ ಸರಿದು ಕತ್ತಲಿಗೆ ಹೋಗುತ್ತಾರೆ. ಆ ಆರು ಜನರಲ್ಲಿ ಟೀಚರ್ ಒಬ್ಬರು.

"ಸಿನಿಮಾ ಥಿಯೇಟರಿಗೆ ಬಂದಾಗ ನಾನು ಊರಲ್ಲಿರಲಿಲ್ಲ," ಅಂದರು. "ನಮ್ಮಮ್ಮ ನೋಡಿ ಬಂದು 'ನೀನು ಎಲ್ಲೂ ಕಾಣಲೇ ಇಲ್ಲವಲ್ಲ' ಅಂದುಬಿಟ್ಟಳು. ಆಮೇಲೆ ಮನೇಲಿ ಒಬ್ಬಳೇ ಎಷ್ಟೋ ಸಲ ನೋಡಿದ್ದೀನಿ. ಒಂದೇ ಒಂದು ಸಲ ಜನರ ಮಧ್ಯೆ ಕೂತು ನೋಡಬೇಕು. ನಾನು ಹೇಳದೆ, ತಾವಾಗೇ, ಯಾರಾದರೂ ಒಬ್ಬರು ಆ ಸಾಲಲ್ಲಿ ನನ್ನನ್ನು ಗಮನಿಸ್ತಾರಾ ಅಂತ ತಿಳಕೋಬೇಕು. ಈ ವರ್ಷದ ಪರೀಕ್ಷೆಗಳು ಮುಗಿದರೆ ಕ್ಲಾಸ್ ನಿಲ್ಲಿಸ್ತೀನಿ. ಅಷ್ಟರೊಳಗೆ ಆದರೆ ಸರಿ."

ಮಗಳು ನನ್ನ ಮುಖ ನೋಡಿ ಮೆಲ್ಲಗೆ "ಅಪ್ಪಾ, ಪ್ಲೀಸ್, ಡೋಂಟ್" ಅಂದಳು. ಅಷ್ಟರಲ್ಲಿ ನಾನು "ಅದಕ್ಕೇನಂತೆ, ಮಾಡೋಣ" ಅಂದಾಗಿತ್ತು.

ಅವತ್ತೇ ಮನೆಯಲ್ಲಿ ಸಿನಿಮಾ ಹಾಕಿ ಹುಡುಗಿಯರು ಸಾಲಾಗಿ ನಿಲ್ಲೋದನ್ನಷ್ಟೇ, ದೊರೆ ಕೈ ಹಿಡಿಯೋ ಮೊದಲೇ ನಿಲ್ಲಿಸಿ, ನಾಲ್ಕು ಸಲ ನೋಡಿದೆ. ಮಾರನೇ ವಾರ ಭಾರೀ ಹೆಮ್ಮೆಯಿಂದ ಹೋಗಿ, "ಗೊತ್ತಾಯ್ತು ಬಿಡಿ, ಬಲಗಡೆ ತುದಿಯಲ್ಲಿ ನಿಂತಿರೋರು ನೀವೇ. ಆ ಸಾಲಲ್ಲೆಲ್ಲ ಎದ್ದು ಕಾಣ್ತೀರ" ಅಂದೆ.

ಟೀಚರ್ ನನ್ನನ್ನು ಒಂದು ನಿಮಿಷ ನೋಡಿದರು. "ದೊರೆ ಆರಿಸೋದು ಅವಳನ್ನೇ. ಕಣ್ಣಿನ ವಿಷಯದಲ್ಲಿ ನಿನಗೂ ಅವನಿಗೂ ಏನೂ ವ್ಯತ್ಯಾಸ ಇಲ್ಲ" ಅಂದು ಒಳಗೆ ಹೋದರು.

೨. ಡೈಲಾಗ್ ಎಲ್ಲಿ ಹೋಯಿತು?

ಪರ್ತ್‌ನ ಪ್ರದರ್ಶನಕ್ಕೆ ಕ್ಯಾನಿಂಗ್ಟನ್‌ನಲ್ಲಿ ಒಂದು ಹಾಲ್ ಹಿಡಿದೆ. ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹೀಗೆ ಬರೆದು ಹಾಕಿದೆ: 'ಐತಿಹಾಸಿಕ ಚಿತ್ರ. ರಾಜ, ಯುದ್ಧ, ಪ್ರೇಮ, ವಿಷಪ್ರಾಶನ. ಆಮೇಲೆ ಬಿಸಿಬೇಳೆಬಾತ್.' ಬ್ಯಾಲೆ ಅನ್ನೋ ಪದ ಬೇಕಂತಲೇ ಬಿಟ್ಟಿದ್ದೆ. ಹಾಲ್ ತುಂಬಿಬಿಟ್ಟಿತು. ಕಲಬುರಗಿ, ಮಂಗಳೂರು, ದಾವಣಗೆರೆಯಿಂದ ಓದೋಕೆ ಬಂದ ಹುಡುಗ ಹುಡುಗಿಯರೇ ನಲವತ್ತು ಜನ. ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೌಂಟರ್ ಶಿಫ್ಟ್ ಮುಗಿಸಿ ಅದೇ ಯೂನಿಫಾರಂನಲ್ಲಿ ಬಂದವರೂ ಇದ್ದರು. ಎರಡನೇ ಸಾಲಲ್ಲಿ ಕೂತಿದ್ದ ಟೀಚರ್ ಹಿಂದಕ್ಕೆ ತಿರುಗಿ ಜನರನ್ನು ನೋಡಿ ಬ್ಯಾಗನ್ನು ಎದೆಗೆ ಅವಚಿಕೊಂಡರು. ನನಗೆ ಸಾರ್ಥಕ ಅನ್ನಿಸಿತು.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಒಬ್ಬ ಅಂಕಲ್ ಎದ್ದು ನನ್ನ ಹತ್ತಿರ ಬಂದರು. ಬೆಂಗಳೂರಲ್ಲಿ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ರಿಟೈರಾಗಿ ಮಗನ ಮನೆಗೆ ಬಂದವರು.

"ಏನಪ್ಪಾ, ಬರೀ ಮ್ಯೂಸಿಕ್ ಬರ್ತಿದೆ. ಡೈಲಾಗ್ ಬರ್ತಿಲ್ಲ."

"ಇದರಲ್ಲಿ ಡೈಲಾಗ್ ಇಲ್ಲ ಅಂಕಲ್. ಬರೀ ಕುಣಿತ."

"ಡೈಲಾಗ್ ಇಲ್ದೆ ಯಾರಪ್ಪಾ ಸಿನಿಮಾ ಮಾಡ್ತಾರೆ? ಬಾಯಿ ಆಡಿಸ್ತಿಲ್ವಾ ಅವನು, ನೋಡು. ಮಾತು ಬರೋ ನಿನ್ನ ಸೆಂಟರ್ ಸ್ಪೀಕರ್ ಹೋಗಿದೆ."

"ಅವನು ಏದುಸಿರು ಬಿಡ್ತಿದ್ದಾನೆ ಅಂಕಲ್. ಕುಣಿದು ಸುಸ್ತಾಗಿದೆ."

ಅಂಕಲ್ ನನ್ನ ಮೇಲೆ ಕರುಣೆ ತೋರಿಸೋ ಹಾಗೆ ನಕ್ಕು ವಾಪಸ್ ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವರು ಹೋಗಿದ್ದು ತಮ್ಮ ಕುರ್ಚಿಗಲ್ಲ, ಸ್ಪೀಕರ್ ಹಿಂದಕ್ಕೆ. ತೆರೆಯ ಮೇಲೆ ಆಗತಾನೇ ಏಳು ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ಬರತೊಡಗಿದ್ದರು. ಟೀಚರ್ ಮುಂದಕ್ಕೆ ಬಾಗಿದರು. ಅಂಕಲ್ ಮ್ಯೂಸಿಕ್ಕಿನ ಕೇಬಲ್ ಕಿತ್ತು ಡೈಲಾಗಿನ ತೂತು ಹುಡುಕತೊಡಗಿದರು. ಸದ್ದು ನಿಂತಿತು. ನಾನು ಓಡಿ ಹೋಗಿ ತಡೆಯೋವಷ್ಟರಲ್ಲಿ ಇನ್ನೊಂದು ವೈರ್ ಎಳೆದರು, ಚಿತ್ರವೂ ನಿಂತಿತು.

ಹಾಲ್‌ನಲ್ಲಿ ಕತ್ತಲಾದರೆ ಲೈಟ್ ಹಾಕಬೇಕು. ಲೈಟ್ ಹಾಕಿದರೆ ನಮ್ಮ ಜನ ಅದನ್ನು ಇಂಟರ್ವಲ್ ಅಂತಲೇ ಭಾವಿಸುತ್ತಾರೆ. ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳವನ್ನು ಯಾರು ತೆಗೆದರೋ, ಆ ಘಮಕ್ಕೆ ಇಡೀ ಹಾಲ್ ಎದ್ದು ತಟ್ಟೆ ಹಿಡಿದು ನಿಂತಿತು. ನಾನು ವೈರುಗಳನ್ನು ಸರಿಮಾಡಿ ಸಿನಿಮಾ ಮತ್ತೆ ಹಾಕಿದಾಗ ಬೆನ್ನು ತೋರಿಸದೆ ಕೂತಿದ್ದವರು ಟೀಚರ್ ಒಬ್ಬರೇ.

ಕೈಯಲ್ಲಿ ಬೂಂದಿ ಹಿಡಿದು ಅಂಕಲ್ ಬಂದು ನನ್ನ ಹೆಗಲು ತಟ್ಟಿದರು. "ಬೇಜಾರು ಮಾಡ್ಕೋಬೇಡ. ಹೊಸ ಸ್ಪೀಕರ್ ತಾನೆ? ವಾರಂಟಿ ಇರುತ್ತೆ. ಡೈಲಾಗ್ ಬರಲ್ಲ ಅಂತ ಬರೆದು ಕಳಿಸು."

೩. ವಂದನಾರ್ಪಣೆ

ಮುಂದಿನ ತಿಂಗಳು ಬ್ರಿಸ್ಬೇನ್‌ನಲ್ಲಿ ನನಗೆ ಎರಡು ದಿನ ಕೆಲಸ. ಟೀಚರೂ ಅಲ್ಲಿಗೆ ಬರುವವರಿದ್ದರು. ಅವರು ಬ್ಯಾಲೆ ಪರೀಕ್ಷಕಿ, ಊರೂರಿಗೆ ಹೋಗಿ ಮಕ್ಕಳಿಗೆ ಮಾರ್ಕ್ಸ್ ಕೊಡುತ್ತಾರೆ. ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್ ಕಡೆಯ ಕನ್ನಡದವರ ಒಂದು ಗುಂಪಿನ ಅಧ್ಯಕ್ಷರಿಗೆ ಫೋನ್ ಮಾಡಿದೆ. ಈ ಸಲ ಬುದ್ಧಿ ಕಲಿತಿದ್ದೆ. ಊಟ ಬೇಡ, ವೈರ್ ಮುಟ್ಟೋ ಅಂಕಲ್‌ಗಳು ಬೇಡ, ಸಿನಿಮಾ ಮಾತ್ರ ಅಂದೆ.

"ಏನೂ ಯೋಚನೆ ಮಾಡಬೇಡಿ. ಶನಿವಾರ ಆರ್ವೋ ಎರಡು ಗಂಟೆಗೆ ಇಟ್ಕೊಳೋಣ. ಎಲ್ಲ ಕ್ರಮವಾಗಿ ಮಾಡೋಣ" ಅಂದರು ಅಧ್ಯಕ್ಷರು.

ಆರ್ವೋ ಅಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ ಅಂತ ಗೊತ್ತಿತ್ತು, ಕ್ರಮವಾಗಿ ಅಂದರೆ ಏನು ಅಂತ ನಾನು ಕೇಳಬೇಕಿತ್ತು. ಪ್ರಾರ್ಥನೆ ಆಯಿತು. ನಾಡಗೀತೆ ಆಯಿತು. ದೀಪ ಬೆಳಗಿಸಿದ್ದಾಯಿತು, ಬೆಂಕಿ ಅಲಾರಂ ಕೂಗೀತು ಅಂತ ಬ್ಯಾಟರಿ ದೀಪ. ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಯ ನಾಲ್ಕು ಮಾತು. ಆ ನಾಲ್ಕು ಮಾತು ಮುಗಿಯೋಕೆ ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಅಧ್ಯಕ್ಷರು ಎದ್ದರು. ಯಾವ ರಾಜನ ಬಗ್ಗೆ ಆದರೂ ಅವರದು ಒಂದೇ ಭಾಷಣವಂತೆ, ಅಲ್ಲಿನವರು ಹೇಳಿದರು. "ಈ ಮಹಾಪ್ರಭುಗಳು ಪ್ರಜೆಗಳನ್ನು ಮಕ್ಕಳಂತೆ ಕಂಡವರು, ಕೆರೆ ಕಟ್ಟೆ ಕಟ್ಟಿಸಿದವರು, ಕಲಾವಿದರನ್ನು ಪೋಷಿಸಿದವರು" ಅಂತ ಶುರುಮಾಡಿದರು.

ಟೀಚರ್ ನನ್ನ ಕಡೆ ಬಗ್ಗಿ ಏನು ಹೇಳ್ತಿದ್ದಾರೆ ಅಂತ ಕೇಳಿದರು. "ನಿಮ್ಮ ದೊರೆ ಬಹಳ ಮೃದು ಸ್ವಭಾವದವನು ಅಂತಿದ್ದಾರೆ" ಅಂದೆ.

"ತನ್ನ ಮುಂದೆ ಮಂಡಿಯೂರಲಿಲ್ಲ ಅಂತ ಒಂದು ಆನೆಯನ್ನೇ ಕೊಲ್ಲಿಸಿದ ಅಂತ ನಮ್ಮಲ್ಲಿ ಕಥೆ ಇದೆ," ಅಂದರು ಟೀಚರ್. "ಇವರು ಯಾರ ಬಗ್ಗೆ ಮಾತಾಡ್ತಿದ್ದಾರೆ?"

ಆಮೇಲೆ ಸನ್ಮಾನ. ಟೀಚರ್‌ಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ದೊಡ್ಡ ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಜರಿಯ ಮೈಸೂರು ಪೇಟ ಇಟ್ಟರು. ನೆಟ್ಟಗಿನ ಬೆನ್ನು, ಮೇಲೆ ಪೇಟ. ಸುಳ್ಳು ಯಾಕೆ ಹೇಳಲಿ, ಅವರು ಆ ವೇದಿಕೆಯ ಮೇಲಿದ್ದ ಎಲ್ಲರಿಗಿಂತ ಹೆಚ್ಚು ಮೈಸೂರಿನವರ ಹಾಗೆ ಕಾಣುತ್ತಿದ್ದರು. ಗಂಟೆ ನಾಲ್ಕೂಕಾಲು.

ಆಗ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. ಸಿನಿಮಾ ಮುಗಿದ ಮೇಲೆ ಜನ ಹೊರಟುಬಿಡುತ್ತಾರೆ, ವಂದನಾರ್ಪಣೆ ಕೇಳೋರು ಇರಲ್ಲ, ಅದಕ್ಕೆ ಅದನ್ನೂ ಈಗಲೇ ಮುಗಿಸೋಣ ಅಂದರು. ಕಾರ್ಯದರ್ಶಿ ಬಂದು ಮೈಕ್‌ನವರಿಂದ ಹಿಡಿದು ಕುರ್ಚಿ ಜೋಡಿಸಿದವರವರೆಗೆ ಎಲ್ಲರನ್ನೂ ವಂದಿಸಿದರು. ವಂದಿಸಿದ ಮೇಲೆ ಅಭ್ಯಾಸಬಲ, "ಈಗ ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು" ಅಂದುಬಿಟ್ಟರು. ಎಲ್ಲರೂ ಎದ್ದರು. ಭಾರತದ್ದು ಆಯಿತು, ಆಸ್ಟ್ರೇಲಿಯಾದ್ದೂ ಆಯಿತು.

ರಾಷ್ಟ್ರಗೀತೆ ಮುಗಿದ ಮೇಲೆ ಕನ್ನಡಿಗನನ್ನು ಮತ್ತೆ ಕೂರಿಸೋದು ಯಾರಿಂದಲೂ ಆಗದ ಕೆಲಸ. ನಾನು ಮೈಕ್ ಹಿಡಿದು "ಸಿನಿಮಾ ಈಗ ಶುರು, ದಯವಿಟ್ಟು ಕೂತ್ಕೊಳಿ" ಅಂತ ಕೂಗುತ್ತಲೇ ಇದ್ದೆ. ಕಾರ್ ಪಾರ್ಕಿನಲ್ಲಿ ಒಂದೊಂದೇ ಗಾಡಿ ಸ್ಟಾರ್ಟ್ ಆಗತೊಡಗಿತು. ಹತ್ತು ನಿಮಿಷದಲ್ಲಿ ಹಾಲ್‌ನಲ್ಲಿ ಉಳಿದಿದ್ದು ನಾನು ಮತ್ತು ಪೇಟ ಇಟ್ಟುಕೊಂಡ ಟೀಚರ್.

ಅಷ್ಟರಲ್ಲಿ ಅಧ್ಯಕ್ಷರು ಓಡೋಡಿ ವಾಪಸ್ ಬಂದರು. ಪರವಾಗಿಲ್ಲ, ಒಬ್ಬರಾದರೂ ಸಿನಿಮಾ ನೋಡೋಕೆ ಬಂದರಲ್ಲ ಅಂತ ನನಗೆ ಸಂತೋಷವಾಯಿತು. ಅವರು ಟೀಚರ್‌ಗೆ ಕೈ ಮುಗಿದು, ತಲೆಯ ಮೇಲಿಂದ ಪೇಟವನ್ನು ಮೆತ್ತಗೆ ಎತ್ತಿಕೊಂಡರು. "ಸಾರಿ ಮೇಡಂ, ನಮ್ಮ ಹತ್ರ ಇರೋದು ಇದೊಂದೇ. ಮುಂದಿನ ವಾರ ಇನ್ನೊಂದು ಸನ್ಮಾನ ಇದೆ."

೪. ಸನ್ಮಾನದ ಹಣ್ಣು

ಅಲ್ಲಿಂದ ನಾವಿಬ್ಬರೂ ಅಡಿಲೇಡ್‌ಗೆ ಹೋಗಬೇಕಿತ್ತು. ಟೀಚರ್‌ಗೆ ಅಲ್ಲಿ ಕೊನೆಯ ಪರೀಕ್ಷೆಗಳು. ನನಗೆ ತಂಗಿಯ ಮಗುವಿನ ನಾಮಕರಣ, ಅವಳ ಬಾಣಂತನಕ್ಕೆ ಅಂತ ನಮ್ಮಮ್ಮ ಮೈಸೂರಿಂದ ಬಂದು ಎರಡು ತಿಂಗಳಿಂದ ಅಲ್ಲೇ ಇದ್ದರು. ಅಡಿಲೇಡ್ ಏರ್‌ಪೋರ್ಟಿನಲ್ಲಿ ಇಳಿದರೆ ಎದುರಿಗೇ ಬೋರ್ಡು: ಹೊರಗಿನ ಹಣ್ಣು ಊರೊಳಗೆ ತರುವಂತಿಲ್ಲ, ಹಣ್ಣಿನ ನೊಣ ಬರುತ್ತೆ, ಡಬ್ಬಿಗೆ ಹಾಕಿ.

ಟೀಚರ್ ಬುಟ್ಟಿ ಎತ್ತಿ ಡಬ್ಬಿಯತ್ತ ನಡೆದರು. ನಾನು ಅಡ್ಡ ನಿಂತೆ. "ಸನ್ಮಾನದ ಹಣ್ಣು. ಎಸೆಯಬಾರದು."

"ಮತ್ತೇನು ಮಾಡೋದು?"

ಇಬ್ಬರೂ ಡಬ್ಬಿಯ ಪಕ್ಕದಲ್ಲೇ ಕುರ್ಚಿ ಹಿಡಿದು ಕೂತೆವು. ಎಂಟು ಬಾಳೆಹಣ್ಣು, ನಾಲ್ಕು ಸೇಬು, ಮೂರು ಕಿತ್ತಳೆ, ಒಂದು ಗೊಂಚಲು ದ್ರಾಕ್ಷಿ. ಟೀಚರ್ ಜೀವಮಾನದಲ್ಲಿ ಒಂದು ಹೊತ್ತಿಗೆ ಅರ್ಧ ಸೇಬಿಗಿಂತ ಹೆಚ್ಚು ತಿಂದವರಲ್ಲ. ಮೂರನೇ ಬಾಳೆಹಣ್ಣಿನ ಹೊತ್ತಿಗೆ ಅವರು ಬಹಳ ಸಣ್ಣ ದನಿಯಲ್ಲಿ, "ಇನ್ನು ಸಾಕು" ಅಂದರು.

"ಹಣ್ಣಾ?"

"ಸಿನಿಮಾ. ನೀನು ತುಂಬಾ ಓಡಾಡಿದೆ. ಆ ಹುಡುಗಿಯನ್ನು ಯಾರೂ ಗಮನಿಸದಿದ್ದರೂ ಏನೂ ಆಗಲ್ಲ. ಇಷ್ಟು ವರ್ಷ ಹಾಗೇ ಇದ್ದಳಲ್ಲ."

ಬಾಯಿಗಿಡುತ್ತಿದ್ದ ಬಾಳೆಹಣ್ಣನ್ನು ಕೆಳಗಿಳಿಸಿದೆ. ಸ್ವಲ್ಪ ಹೊಟ್ಟೆ ತುಂಬಿದ್ದರಿಂದ, ಹೆಚ್ಚು ನಾಚಿಕೆಯಿಂದ. "ಬರೋ ಶನಿವಾರ ನಾಮಕರಣಕ್ಕೆ ನಮ್ಮ ತಂಗಿ ಮನೆಗೆ ಬನ್ನಿ" ಅಂದೆ. "ಅಲ್ಲಿ ಅಧ್ಯಕ್ಷರಿಲ್ಲ. ನಮ್ಮಮ್ಮ ಮಾತ್ರ ಇದ್ದಾರೆ."

ಕೊನೆಯ ಕಿತ್ತಳೆ ಮುಗಿಸಿ ಎದ್ದಾಗ ಅಲ್ಲಿನ ಅಧಿಕಾರಿ ಬಂದು ಖಾಲಿ ಬುಟ್ಟಿ ಪರೀಕ್ಷಿಸಿ, "ಹಣ್ಣು ಏನಾದರೂ ಇದೆಯಾ?" ಅಂತ ಕೇಳಿದ. ಟೀಚರ್ ಹೊಟ್ಟೆಯ ಮೇಲೆ ಕೈ ಇಟ್ಟು, "ಇದೆ. ಆದರೆ ಕೊಡೋಕಾಗಲ್ಲ" ಅಂದರು.

೫. ನಾಲ್ಕನೇ ಹುಡುಗಿ

ನಾಮಕರಣದ ದಿನ ನನ್ನ ಹೆಂಡತಿ, ಮಗಳು ಪರ್ತ್‌ನಿಂದ ಬಂದಿಳಿದಿದ್ದರು. ಟೀಚರ್ ಕೂಡ ಬಂದರು. ಅಮ್ಮ ಅವರಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಎರಡು ಹೋಳಿಗೆ ಬಡಿಸಿದರು. ಅಮ್ಮನಿಗೆ ಸಿನಿಮಾದ ಸುದ್ದಿಯೇ ಗೊತ್ತಿರಲಿಲ್ಲ. ಹೇಳಬೇಡಿ ಅಂತ ಮನೆಯವರಿಗೆಲ್ಲ ತಾಕೀತು ಮಾಡಿದ್ದೆ. ಊಟ ಆದ ಮೇಲೆ ಗಂಡಸರು ಹಿತ್ತಲಲ್ಲಿ ಕ್ರಿಕೆಟ್ ಮಾತಿಗೆ ಕೂತರು. ಹಾಲ್‌ನಲ್ಲಿ ಹೆಂಗಸರು, ಎಲೆ ಅಡಿಕೆ, ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ ಮಗು. ಇಪ್ಪತ್ತು ಜನ ಆಂಟಿಯರು, ಯಾರಿಗೂ ಎದ್ದು ಓಡುವ ಶಕ್ತಿ ಇಲ್ಲ. ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ ಅಂತ ಕಿಟಕಿ ಪರದೆ ಎಳೆದು ಗೋಡೆ ಮೇಲೆ ಸಿನಿಮಾ ಬಿಟ್ಟೆ.

ಮೊದಲ ಹತ್ತು ನಿಮಿಷ ಯಾರೂ ನೋಡಲಿಲ್ಲ. ಹೋಳಿಗೆಗೆ ಹೂರಣ ಗಟ್ಟಿಯಾಯಿತಾ ತೆಳ್ಳಗಾಯಿತಾ ಅನ್ನೋ ಚರ್ಚೆ ನಡೆದಿತ್ತು. ಟೀಚರ್ ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ಆಸೆ ಬಿಟ್ಟವರ ಮುಖ. ಅಷ್ಟರಲ್ಲಿ ಗೋಡೆ ಮೇಲೆ ಏಳು ಹುಡುಗಿಯರು ಬಂದು ಸಾಲಾಗಿ ನಿಂತರು. ದೊರೆ ಒಂದೊಂದೇ ಹೆಜ್ಜೆ ಇಡುತ್ತಾ ಒಬ್ಬೊಬ್ಬಳ ಮುಂದೆ ನಿಂತು ನೋಡತೊಡಗಿದ.

ಅಮ್ಮ ಅಡಿಕೆ ಕತ್ತರಿಸೋದು ನಿಲ್ಲಿಸಿದರು. "ಏನೋ ಇದು, ಹೆಣ್ಣು ನೋಡೋ ಶಾಸ್ತ್ರ ಅಲ್ವೇನೋ?"

ಹಾಲ್‌ನಲ್ಲಿ ಹೂರಣದ ಮಾತು ನಿಂತಿತು. ಇಪ್ಪತ್ತು ಜೊತೆ ಕಣ್ಣು ಗೋಡೆಗೆ ತಿರುಗಿದವು.

"ಮೊದಲನೇದು ಬಡಕಲು" ಅಂದರು ಒಬ್ಬ ಆಂಟಿ. "ಎರಡನೇದು ಹುಡುಗನ್ನ ನುಂಗೋ ಹಾಗೆ ನೋಡ್ತಿದೆ, ಜೋರಿದೆ" ಅಂದರು ಇನ್ನೊಬ್ಬರು. "ಮೂರನೇದಕ್ಕೆ ಇಷ್ಟ ಇಲ್ಲ ಕಣ್ರೀ, ಮನೇಲಿ ಬಲವಂತ ಮಾಡಿ ನಿಲ್ಸಿದ್ದಾರೆ."

ದೊರೆ ಹೋಗಿ ಏಳನೆಯವಳ ಕೈ ಹಿಡಿದ.

"ನಿಲ್ಸೋ, ನಿಲ್ಸು" ಅಂದರು ಅಮ್ಮ. "ಇವನಿಗೆ ಬುದ್ಧಿ ಇದೆಯಾ? ಹಿಂದಕ್ಕೆ ಹಾಕು."

ಹಿಂದಕ್ಕೆ ಹಾಕಿದೆ. ಅಮ್ಮ ಎದ್ದು ಗೋಡೆ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. ಆ ಸಾಲನ್ನು ಮೂರು ಸಲ ಹಾಕಿಸಿದರು. ಮೈಸೂರಲ್ಲಿ ಅವರು ಇಪ್ಪತ್ತೊಂದು ಮದುವೆ ಕುದುರಿಸಿದವರು, ಆತುರ ಮಾಡೋ ಜನ ಅಲ್ಲ. ಕೊನೆಗೆ ಬೆರಳಿಟ್ಟು ತೋರಿಸಿದರು.

"ಈ ನಾಕನೇ ಹುಡುಗಿ ನೋಡಿ. ರಾಜ ಬಂದ ಅಂತ ಎಲ್ಲಾ ಕತ್ತು ನೀಟ್ಕೊಂಡು ನಿಂತಿದ್ದಾವೆ. ಪಕ್ಕದೋಳ ಸೊಂಟದ ಪಟ್ಟಿ ಬಿಚ್ಚಿಹೋಗಿದೆ, ಅವಳಿಗೆ ಗೊತ್ತೇ ಇಲ್ಲ. ಈ ಹುಡುಗಿ ಹಿಂದಿನಿಂದ ಎರಡು ಬೆರಳಲ್ಲಿ ಅದನ್ನ ಹಿಡ್ಕೊಂಡಿದ್ದಾಳೆ. ಒಂಟಿ ಕಾಲಲ್ಲಿ ನಿಂತು. ಮುಖದಲ್ಲಿ ಒಂಚೂರು ತೋರಿಸ್ಕೊಂಡಿಲ್ಲ. ಮನೆ ನಡೆಸೋ ಹುಡುಗಿ ಅಂದ್ರೆ ಇದು. ಆ ದೊರೆಗೆ ಕಣ್ಣು ಕಾಣಲ್ವಾ?"

ನಾನು ಆ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೆ. ಆ ಎರಡು ಬೆರಳು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮಗಳು ಟೀಚರ್ ಪಕ್ಕ ಕೂತು ಅಜ್ಜಿ ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ಹೇಳುತ್ತಿದ್ದಳು. ಬೆರಳಿನ ಮಾತು ಬಂದಾಗ ಟೀಚರ್ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅದು ನಮ್ಮ ಡೈರೆಕ್ಟರ್‌ಗೂ ಗೊತ್ತಾಗಿರಲಿಲ್ಲ" ಅಂದರು ಆಮೇಲೆ. "ಅದು ನಾನು."

ಮಗಳು ಮೊಟ್ಟಮೊದಲ ಸಲ ಇಡೀ ಮನೆಗೆ ಕೇಳಿಸೋ ಹಾಗೆ ಕನ್ನಡದಲ್ಲಿ ಹೇಳಿದಳು. "ಅಜ್ಜೀ, ಅದು ಇವರೇ."

ನನ್ನ ಕಣ್ಣಲ್ಲಿ ನೀರು ಬಂತು, ಪ್ರೊಜೆಕ್ಟರ್ ಒರೆಸೋ ಬಟ್ಟೆಯಲ್ಲೇ ಒರೆಸಿಕೊಂಡೆ. ಅಮ್ಮ ಟೀಚರ್‌ನ ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. ಗೋಡೆ ಮೇಲಿನ ಹುಡುಗಿಯನ್ನು ಇನ್ನೊಂದು ಸಲ ನೋಡಿದರು. "ಇವಳು ಸರಿಯಾಗಿ ಊಟಾನೇ ಮಾಡಿಲ್ಲ. ಇನ್ನೆರಡು ಹೋಳಿಗೆ ತಗೊಂಬಾ" ಅಂತ ತಂಗಿಗೆ ಹೇಳಿ, ಟೀಚರ್ ಪಕ್ಕದಲ್ಲೇ ಕೂತು ಅವರ ಕೈ ಹಿಡಿದುಕೊಂಡರು. ಟೀಚರ್ ಆ ಹೋಳಿಗೆ ಎರಡನ್ನೂ ಪೂರ್ತಿ ತಿಂದರು.

ಆದರೆ ಅಮ್ಮನಿಗೆ ದೊರೆಯ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಕೇಳೇ," ಅಂದರು ಮೊಮ್ಮಗಳಿಗೆ, "ಆ ರಾಜನ ಪಾರ್ಟು ಮಾಡಿದ ಹುಡುಗ ಆಮೇಲಾದ್ರೂ ತನ್ನ ತಪ್ಪು ತಿಳ್ಕೊಂಡ್ನಾ?"

ಟೀಚರ್ ನಕ್ಕರು. "ತಿಳಕೊಂಡ. ನಿಜವಾಗಿ ನನ್ನನ್ನೇ ಮದುವೆ ಆಗ್ತೀನಿ ಅಂತ ಮೂರು ಸಲ ಕೇಳಿಕೊಂಡು ಬಂದ. ಮೂರು ಸಲವೂ ನಾನೇ ಬೇಡ ಅಂದೆ."

ಹಾಲ್‌ನಲ್ಲಿ ಎಲೆ ಅಗಿಯುವ ಸದ್ದೂ ನಿಂತಿತು. "ಯಾಕಂತೆ?" ಅಂದರು ಅಮ್ಮ. "ಹುಡುಗ ನೋಡೋಕೆ ಚೆನ್ನಾಗೇ ಇದ್ದಾನಲ್ಲ. ಕುಡೀತಿದ್ನಾ?"

"ಇಲ್ಲ" ಅಂದರು ಟೀಚರ್. "ಹುಡುಗ ಬಂಗಾರ. ಆದರೆ ಅವನ ಅಮ್ಮ ಜೊತೆಗಿರ್ತಿದ್ದಳು."

ಮಗಳು ಅದನ್ನು ಕನ್ನಡಕ್ಕೆ ಹೇಳೋ ಅಗತ್ಯ ಬೀಳಲಿಲ್ಲ. ಇಪ್ಪತ್ತು ಆಂಟಿಯರು ಒಟ್ಟಿಗೆ, ಒಂದೇ ಶ್ರುತಿಯಲ್ಲಿ, "ಹೂಂ..." ಅಂದರು. ನನ್ನ ಹೆಂಡತಿ ಮಾತ್ರ ಅಷ್ಟಕ್ಕೇ ನಿಲ್ಲಿಸದೆ, ತೊಟ್ಟಿಲ ಮಗು ಎದ್ದು ಅಳೋ ಹಾಗೆ ನಕ್ಕುಬಿಟ್ಟಳು. ಅಮ್ಮ ಟೀಚರ್‌ನ ಕೈ ಬಿಟ್ಟು, ನಿಧಾನವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು. ನಾನು ಸಿನಿಮಾವನ್ನು ಮುಂದಕ್ಕೆ ಓಡಿಸಿ ಯುದ್ಧದ ದೃಶ್ಯಕ್ಕೆ ತಂದು, ಸೌಂಡ್ ಪೂರ್ತಿ ಏರಿಸಿದೆ.